ಐದನೇ ಭಾಷೆ

ಮುಳಬಾಗಿಲು ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುವ ಹೆಂಗಸರ ಪಕ್ಕ ಸ್ವಲ್ಪ ಹೊತ್ತು ನಿಂತರೆ ನಮ್ಮ ಸೀಮೆ ಎಂಥದೆಂದು ತಿಳಿಯುತ್ತದೆ. ಬೆಂಗಳೂರಿನ ಬಸ್ಸಿನಿಂದ ಇಳಿದವರಿಗೆ ಕನ್ನಡದಲ್ಲಿ ಮೊಳದ ಲೆಕ್ಕ, ಪಲಮನೇರಿನ ಕಡೆಗೆ ಹೋಗುವವರಿಗೆ ತೆಲುಗಿನಲ್ಲಿ, ಪಕ್ಕದ ಹಣ್ಣಿನಂಗಡಿಯವರ ಹತ್ತಿರ ಚಿಲ್ಲರೆ ಕೇಳುವಾಗ ಉರ್ದು, ಟೀ ಕುಡಿಯಲು ನಿಂತ ತಮಿಳುನಾಡಿನ ಲಾರಿ ಡ್ರೈವರಿಗೆ ತಮಿಳು. ಈ ನಾಲ್ಕರಲ್ಲಿ ಒಂದನ್ನೂ ಅವರಿಗೆ ಯಾರೂ ಕೂರಿಸಿಕೊಂಡು ಕಲಿಸಿಲ್ಲ. ವ್ಯಾಪಾರ ಆಗಬೇಕಿತ್ತು, ಮಾತು ಬಂತು.

ನಾನು ಹುಟ್ಟಿದ್ದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಯಲ್ಲಿ. ಮನೆಮಾತು ತೆಲುಗು. ಅಪ್ಪನನ್ನು ನಾಯ್ನ ಎನ್ನುತ್ತಿದ್ದೆವು, ಅಜ್ಜಿಯನ್ನು ಅವ್ವ. ಒಂದನೇ ಕ್ಲಾಸಿಗೆ ಸೇರಿದಾಗ ನನಗೆ ಬರುತ್ತಿದ್ದ ಕನ್ನಡ ಅಷ್ಟಕ್ಕಷ್ಟೇ. ಮೇಷ್ಟ್ರು ನಮ್ಮ ತೆಲುಗನ್ನು ಕೇಳಿಸಿಕೊಂಡು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ನಾವು ಜಗಳವಾಡುತ್ತಿದ್ದೆವು, ಚಾಡಿ ಹೇಳುತ್ತಿದ್ದೆವು, ಲೆಕ್ಕ ಒಪ್ಪಿಸುತ್ತಿದ್ದೆವು. ದಸರಾ ರಜೆ ಮುಗಿಯುವ ಹೊತ್ತಿಗೆ ಕನ್ನಡ ನಾಲಿಗೆಯ ಮೇಲಿತ್ತು. ತಪ್ಪಾಡಿದರೆ ನಗುವವರಿರಲಿಲ್ಲ, ಏಕೆಂದರೆ ಎಲ್ಲರೂ ತಪ್ಪಾಡುತ್ತಿದ್ದರು. ಆ ಕನ್ನಡದಲ್ಲೇ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಇಂಗ್ಲಿಷ್ ಶುರುವಾದದ್ದು ಐದನೇ ಕ್ಲಾಸಿನಲ್ಲಿ. ಆಗ ಸರ್ಕಾರಿ ಶಾಲೆಗಳಲ್ಲೆಲ್ಲ ಹಾಗೇ. ನಾಲ್ಕು ಗೆರೆಯ ನೋಟ್‌ಬುಕ್, ಅದರಲ್ಲಿ ದೊಡ್ಡ ಎಬಿಸಿಡಿ, ಚಿಕ್ಕ ಎಬಿಸಿಡಿ. ಆಮೇಲೆ ಗುಂಪಿನಲ್ಲಿ ಕೂಗುವುದು: ಸಿ-ಎ-ಟಿ ಕ್ಯಾಟ್, ಕ್ಯಾಟ್ ಅಂದ್ರೆ ಬೆಕ್ಕು. ಅಕ್ಷರ ಬಂತು, ಸ್ಪೆಲಿಂಗ್ ಬಂತು, ಕೈಬರಹವೂ ದುಂಡಗೆ ಬಂತು. ಮಾತು ಬರಲಿಲ್ಲ. ಬೀದಿಯಲ್ಲಿ, ಹೊಲದಲ್ಲಿ, ಮನೆಯಲ್ಲಿ ಎಲ್ಲೂ ಕಿವಿಗೆ ಬೀಳದ ಭಾಷೆ ಬಾಯಿಗೆ ಹೇಗೆ ಬಂದೀತು? ನಮಗೆ ಪೂರ್ತಿಯಾಗಿ ಬರುತ್ತಿದ್ದದ್ದು ಒಂದೇ ವಾಕ್ಯ, ಮೇ-ಐ-ಕಮಿನ್-ಸಾರ್. ಅದರಲ್ಲಿ ಐದು ಶಬ್ದಗಳಿವೆ ಎಂಬುದು ಹೈಸ್ಕೂಲಿಗೆ ಹೋಗುವ ತನಕ ನಮ್ಮಲ್ಲಿ ಎಷ್ಟೋ ಮಂದಿಗೆ ಗೊತ್ತಿರಲಿಲ್ಲ. ಮಿಕ್ಕ ಇಂಗ್ಲಿಷ್ ಪೂರ್ತಿ ಪರೀಕ್ಷೆಯ ಸೊತ್ತು. ಜ್ವರ ಬಂದಿದೆ ಎಂದು ಹೆಡ್‌ಮಾಸ್ಟರಿಗೆ ಬರೆಯುವ ರಜಾ ಅರ್ಜಿಯನ್ನು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಿದ್ದ ಹುಡುಗರು ಜ್ವರ ಬಂದಾಗ ಅಣ್ಣನನ್ನೋ ತಮ್ಮನನ್ನೋ ಕಳಿಸಿ ಕನ್ನಡದಲ್ಲಿ ಹೇಳಿಸುತ್ತಿದ್ದರು.

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ದಿನ ಊರಲ್ಲಿ ಎರಡೇ ಮಾತು ಕೇಳುತ್ತಿದ್ದವು: "ಲೆಕ್ಕದಲ್ಲಿ ಹೋಯ್ತು", "ಇಂಗ್ಲಿಷ್‌ನಲ್ಲಿ ಹೋಯ್ತು". ಇಂಗ್ಲಿಷ್‌ನಲ್ಲಿ ಹೋದ ಹುಡುಗಿಯರಿಗೆ ಅದೇ ಬೇಸಿಗೆಯಲ್ಲಿ ಗಂಡು ನೋಡುತ್ತಿದ್ದರು. ನನ್ನ ಓರಗೆಯವರಲ್ಲಿ ಹಾಡು, ಲೆಕ್ಕ, ವ್ಯವಹಾರ ಎಲ್ಲದರಲ್ಲೂ ನನಗಿಂತ ಚುರುಕಾಗಿದ್ದ ಹುಡುಗಿಯರ ಓದು ಹೀಗೆ ಒಂದು ಪೇಪರಿಗೆ ನಿಂತುಹೋಯಿತು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರೂ ಮೆಟ್ರಿಕ್ ಪಾಸಾದವರಲ್ಲ. ಅದೇ ಡಿವಿಜಿ 1913ರಲ್ಲಿ ಬೆಂಗಳೂರಿನಲ್ಲಿ 'ಕರ್ನಾಟಕ' ಎಂಬ ಇಂಗ್ಲಿಷ್ ಪತ್ರಿಕೆ ಹೊರಡಿಸಿ ದಿವಾನರ ಆಡಳಿತವನ್ನು ಇಂಗ್ಲಿಷಿನಲ್ಲೇ ವಿಮರ್ಶಿಸಿದರು. ಪರೀಕ್ಷೆಯಲ್ಲಿ ಹೋದವರಿಗೆ ಭಾಷೆ ಹೋಗಿರುವುದಿಲ್ಲ ಎಂದು ನಮ್ಮೂರ ತಂದೆತಾಯಿಗಳಿಗೆ ಹೇಳಲು ಅವರ ಹೆಸರನ್ನು ನಾನು ಬಹಳ ಸಲ ಬಳಸಿದ್ದೇನೆ.

ಶಾಲೆಯ ಹೊರಗೆ ಇಂಗ್ಲಿಷ್ ಬೇರೆಯೇ ದಾರಿಯಲ್ಲಿ ಬರುತ್ತಿತ್ತು. ಇದನ್ನು ನಾನು ಗಮನಿಸಿದ್ದು ತಡವಾಗಿ, ಮನೆಯ ಹೊಲದಲ್ಲಿ ಬೋರ್ ಕೊರೆಸಿದಾಗ. ನಮ್ಮ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ ಬತ್ತಿತು, ಬಾವಿ ಬತ್ತಿತು, ಕೊರೆಸುವುದೊಂದೇ ಉಳಿಯಿತು. ತಿರುಚೆಂಗೋಡಿನ ಕಡೆಯಿಂದ ರಿಗ್ ಲಾರಿ ಬಂದು ರಾತ್ರಿಯಿಡೀ ಕೊರೆಯುತ್ತಿತ್ತು. ಬಿಳಿ ಧೂಳು ಹುಣಸೆ ಮರದ ಮೇಲೆಲ್ಲ ಕೂತಿತ್ತು. ಸೆರಗನ್ನು ಮೂಗಿಗೆ ಮುಚ್ಚಿಕೊಂಡು ಅವ್ವ ಲಾರಿಯ ಹತ್ತಿರವೇ ಕೂತಿದ್ದರು. ಹೆಬ್ಬೆಟ್ಟು ಒತ್ತುತ್ತಿದ್ದ ಹೆಂಗಸು. ಅವರು ರಿಗ್ಗಿನ ಹುಡುಗನನ್ನು ಕೇಳುತ್ತಿದ್ದರು: "ಎನ್ನಿ ಫೀಟ್ಲಯಿಂದಿ ನಾಯ್ನಾ? ಕೇಸಿಂಗ್ ಎಂತ ದಿಗಿಂದಿ?" ಎಷ್ಟು ಫೀಟಾಯಿತು, ಕೇಸಿಂಗ್ ಎಷ್ಟು ಇಳಿಯಿತು ಎಂದು. ಆ ಹುಡುಗ ತಮಿಳಿನಲ್ಲಿ ಹೇಳುತ್ತಿದ್ದ, ಇವರಿಗೆ ಅರ್ಥವಾಗುತ್ತಿತ್ತು. ನೀರು ಬಿದ್ದ ಮೇಲೆ ಎರಡು ಇಂಚೋ ಎರಡೂವರೆಯೋ ಎಂಬ ಚರ್ಚೆ, ಮೋಟರ್ ಎಷ್ಟು ಎಚ್‌ಪಿ, ಎಷ್ಟು ಸ್ಟೇಜು, ಕೇಬಲ್ ಯಾವ ಕಂಪನಿದು, ತ್ರೀ ಫೇಸ್ ಎಷ್ಟು ಗಂಟೆಗೆ ಕೊಡುತ್ತಾರೆ, ಸ್ಟಾರ್ಟರ್ ಟ್ರಿಪ್ ಆದರೆ ಏನು ಮಾಡಬೇಕು. ಅವ್ವನ ಬಾಯಲ್ಲಿ ಇಂಗ್ಲಿಷ್ ಶಬ್ದಗಳು ಒಂದೂ ತಪ್ಪಿಲ್ಲದೆ, ಒಂದೂ ಜಾಗ ತಪ್ಪದೆ ಬರುತ್ತಿದ್ದವು. ಹೈಸ್ಕೂಲಿನ ಇಂಗ್ಲಿಷ್ ಪುಸ್ತಕದಲ್ಲಿ ಇವುಗಳಲ್ಲಿ ಒಂದು ಶಬ್ದವೂ ಇರಲಿಲ್ಲ.

ಮಾವಿನ ಮಂಡಿಯಲ್ಲೂ ಇದೇ. ಮೇ ತಿಂಗಳಿಂದ ಎರಡು ಮೂರು ತಿಂಗಳು ಶ್ರೀನಿವಾಸಪುರ ಮಾವಿನ ವಾಸನೆಯಲ್ಲೇ ಇರುತ್ತದೆ. ಬಾದಾಮಿ, ರಸಪುರಿ, ಬೇನಿಷಾ, ಮಲ್ಲಿಕಾ ಹೊರ ರಾಜ್ಯಗಳಿಗೆ ಹೋಗುತ್ತವೆ, ತೋತಾಪುರಿ ಬಹುಪಾಲು ಚಿತ್ತೂರು ಕಡೆಯ ಪಲ್ಪ್ ಫ್ಯಾಕ್ಟರಿಗಳಿಗೆ. ನಾಯ್ನನ ಜೊತೆ ಟ್ರ್ಯಾಕ್ಟರಿನಲ್ಲಿ ಹೋಗಿ ಕಾಯಿಯ ರಾಶಿಯ ಪಕ್ಕ ಕೂತಾಗ ಕೇಳಿದ ಶಬ್ದಗಳು: ಲೋಡ್, ಗ್ರೇಡಿಂಗ್, ಕಮಿಷನ್, ಅಡ್ವಾನ್ಸ್, ರಿಜೆಕ್ಟ್, ಬ್ಯಾಲೆನ್ಸ್. ಇವುಗಳಲ್ಲಿ ಒಂದೊಂದರ ಹಿಂದೆಯೂ ದುಡ್ಡಿತ್ತು. ರಿಜೆಕ್ಟ್ ಎಂದರೆ ಎಷ್ಟು ಕ್ರೇಟು ಪಕ್ಕಕ್ಕೆ ಹೋಯಿತು, ಯಾವ ಬೆಲೆಗೆ ಹೋಯಿತು ಎಂದು ನಾಯ್ನನಿಗೆ ಕಣ್ಣಲ್ಲೇ ಲೆಕ್ಕ. ಶಬ್ದ ಗೊತ್ತಿಲ್ಲದಿದ್ದರೆ ಮೋಸ ಹೋಗುತ್ತಿದ್ದರು, ಆದ್ದರಿಂದ ಗೊತ್ತು ಮಾಡಿಕೊಂಡರು. ಮಂಡಿಯ ಬಿಳಿ ಚೀಟಿಯಲ್ಲಿ ಮಾತ್ರ ಎಲ್ಲ ಇಂಗ್ಲಿಷಿನಲ್ಲಿ ಬರೆದಿರುತ್ತಿತ್ತು. ಅದನ್ನು ನನ್ನ ಕೈಗೆ ಕೊಟ್ಟು "ಓದಮ್ಮ" ಎನ್ನುತ್ತಿದ್ದರು. ನನಗೆ ಅಕ್ಷರ ಗೊತ್ತು, ಅವರಿಗೆ ಅರ್ಥ ಗೊತ್ತು. ಇಬ್ಬರೂ ಸೇರಿ ಆ ಚೀಟಿ ಓದುತ್ತಿದ್ದೆವು. ನಾನು ಇಂಗ್ಲಿಷ್ ಕಲಿತ ಜಾಗ ಯಾವುದೆಂದು ಯಾರಾದರೂ ಕೇಳಿದರೆ ಆ ಮಂಡಿಯನ್ನೇ ಹೇಳುತ್ತೇನೆ.

ಚಿನ್ನದ ಗಣಿಯ ಊರು ಕೆಜಿಎಫ್‌ನವರ ಕಥೆ ಬೇರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಾಗಿನಿಂದ ಅಲ್ಲಿ ಇಂಗ್ಲಿಷ್ ಕೆಲಸದ ಭಾಷೆ. ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ಕರೆಂಟ್ ಬಂದಿತ್ತು, ಜೊತೆಗೆ ಕ್ಲಬ್ಬು, ಚರ್ಚು, ಇಂಗ್ಲಿಷ್ ಶಾಲೆ. ಬಂಗಾರಪೇಟೆಯ ನಮ್ಮ ನೆಂಟರ ಮದುವೆಗಳಿಗೆ ಊರಿಗಾಂ, ಮಾರಿಕುಪ್ಪಂ ಕಡೆಯಿಂದ ಬರುತ್ತಿದ್ದವರು ತಮಿಳಿನ ನಡುವೆ ಇಂಗ್ಲಿಷನ್ನು ಸರಾಗವಾಗಿ ಆಡುವುದನ್ನು ನಾವು ಬಾಯಿಬಿಟ್ಟುಕೊಂಡು ನೋಡುತ್ತಿದ್ದೆವು. ಅವರಲ್ಲಿ ಅನೇಕರು ನೆಲದಡಿಯಲ್ಲಿ ದುಡಿಯುವ ಕಾರ್ಮಿಕರ ಮಕ್ಕಳು, ಶ್ರೀಮಂತರಲ್ಲ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಬೆಳಗಿನ ಕತ್ತಲಲ್ಲಿ ಮಾರಿಕುಪ್ಪಂನಿಂದ ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಬೆಂಗಳೂರಿಗೆ ಹೋಗುವ ರೈಲು ಕೆಜಿಎಫ್‌ನ ಸಂಸಾರಗಳನ್ನು ಸಾಕಿತು. ಅಲ್ಲಿಯ ಹುಡುಗರಿಗೆ ಬೆಂಗಳೂರಿನ ಆಫೀಸುಗಳಲ್ಲಿ ನಾಲಿಗೆ ತಡವರಿಸಲಿಲ್ಲ. ನಮ್ಮ ಹಳ್ಳಿ ಹುಡುಗರು ಅದೇ ರೈಲಿನಲ್ಲಿ ಅವರ ಪಕ್ಕವೇ ನಿಂತು ಹೋಗುತ್ತಿದ್ದರು, ಇಂಟರ್‌ವ್ಯೂನಲ್ಲಿ "ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್" ಎಂದ ಕೂಡಲೇ ಮೌನವಾಗುತ್ತಿದ್ದರು.

ನಾನು ಕೋಲಾರದಲ್ಲಿ ಡಿಗ್ರಿ ಓದುವಾಗ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ರ‍್ಯಾಪಿಡೆಕ್ಸ್ ಇಂಗ್ಲಿಷ್ ಸ್ಪೀಕಿಂಗ್ ಕೋರ್ಸ್ ಕನ್ನಡದಲ್ಲಿ ಸಿಗುತ್ತಿತ್ತು. ಹಾಸ್ಟೆಲ್ಲಿನಲ್ಲಿ ಒಂದು ಪ್ರತಿ ಇಟ್ಟುಕೊಂಡು ರೂಮಿಂದ ರೂಮಿಗೆ ಓದುತ್ತಿದ್ದೆವು. ಪೋಸ್ಟಾಫೀಸಿನಲ್ಲಿ, ರೈಲ್ವೆ ಸ್ಟೇಷನ್ನಿನಲ್ಲಿ, ಡಾಕ್ಟರ ಹತ್ತಿರ ಹೇಗೆ ಮಾತಾಡಬೇಕೆಂದು ಅದರಲ್ಲಿತ್ತು. ಆ ಪುಸ್ತಕವನ್ನು ಕೆಲವರು ಹಗುರ ಮಾಡುತ್ತಾರೆ. ನಾನು ಮಾಡುವುದಿಲ್ಲ. ದಿನ ಬಳಸುವ ಮಾತನ್ನು ಕಲಿಸಬೇಕೆಂಬ ಬುದ್ಧಿ ನಮ್ಮ ಪಠ್ಯಪುಸ್ತಕಕ್ಕಿಂತ ಮೊದಲು ಆ ಪುಸ್ತಕಕ್ಕೆ ಇತ್ತು. ಆದರೆ ಮಾತಿಗೆ ಇನ್ನೊಬ್ಬರು ಬೇಕು, ಪುಸ್ತಕ ತಿರುಗಿ ಮಾತಾಡುವುದಿಲ್ಲ. ನಾವು ಹುಡುಗಿಯರು ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಇಂಗ್ಲಿಷ್ ಬಿಟ್ಟು ಬೇರೆ ಆಡುವಂತಿಲ್ಲ ಎಂದು ಕಟ್ಟು ಮಾಡಿಕೊಂಡೆವು. ನನಗೆ ಮಾತು ಬಂದದ್ದು ಆ ಅರ್ಧ ಗಂಟೆಗಳಲ್ಲಿ.

ಹೈಸ್ಕೂಲು ಇಂಗ್ಲಿಷ್ ಟೀಚರಾಗಿ ಕೆಲಸ ಸಿಕ್ಕಿತು. ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಹಳ್ಳಿಗಳಲ್ಲಿ ವರ್ಗದ ಮೇಲೆ ವರ್ಗವಾಗುತ್ತ ದುಡಿದೆ. ನಡುವೆ ಬೆಂಗಳೂರಿನ ಜ್ಞಾನಭಾರತಿಯ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಲ್ಲಿ ತರಬೇತಿಗೆ ಕಳಿಸಿದರು. ದಕ್ಷಿಣ ರಾಜ್ಯಗಳ ಮೇಷ್ಟ್ರುಗಳಿಗಾಗಿ 1963ರಲ್ಲಿ ಶುರುವಾದ ಸಂಸ್ಥೆ ಅದು. ಗ್ರಾಮರ್ ಬಾಯಿಪಾಠದಿಂದ ಮಾತು ಹುಟ್ಟುವುದಿಲ್ಲ, ಕೇಳುವುದು ಮೊದಲು, ಆಡುವುದು ಆಮೇಲೆ, ಓದು ಬರಹ ಅದರ ಹಿಂದೆ ಎಂದು ಅಲ್ಲಿ ಹೇಳಿಕೊಟ್ಟರು. ಹೂ ಮಾರುವ ಹೆಂಗಸರೂ ನಮ್ಮ ಅವ್ವನೂ ಅದನ್ನೇ ಮಾಡಿ ತೋರಿಸಿದ್ದರು.

ಮಾಲೂರಿನ ಒಂದು ಕ್ಲಾಸು ಮನಸ್ಸಿನಲ್ಲಿ ನಿಂತಿದೆ. ಮಾಲೂರು ಹೆಂಚಿಗೆ, ಇಟ್ಟಿಗೆಗೆ ಹೆಸರಾದ ತಾಲ್ಲೂಕು. ಒಂಬತ್ತನೇ ಕ್ಲಾಸಿನಲ್ಲಿ ಡಸ್ಟರನ್ನೇ ಫೋನ್ ಮಾಡಿಕೊಂಡು ಇಬ್ಬರಿಬ್ಬರನ್ನು ಎದ್ದು ನಿಲ್ಲಿಸಿ ಮಾತಾಡಿಸುತ್ತಿದ್ದೆ. ಕೊನೆಯ ಬೆಂಚಿನ ಒಬ್ಬಳು ವರ್ಷದಲ್ಲಿ ಬಾಯಿ ಬಿಟ್ಟವಳಲ್ಲ. ಅವಳಪ್ಪ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿ. "ನಿಮ್ಮಪ್ಪನಿಗೆ ಬೆಂಗಳೂರಿಂದ ಆರ್ಡರ್ ಬಂದಿದೆ, ನೀನೇ ಫೋನ್ ತಗೋ" ಎಂದೆ. ಡಸ್ಟರ್ ಕಿವಿಗಿಟ್ಟುಕೊಂಡಳು. ನಾನು ಎರಡು ಲೋಡ್ ಬೇಕು ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ವೆನ್ ಯು ವಾಂಟ್ ಮೇಡಂ?"

"ಟುಮಾರೋ ಮಾರ್ನಿಂಗ್."

"ಟುಮಾರೋ ನೋ ಮೇಡಂ. ರೇನ್. ಬ್ರಿಕ್ಸ್ ವೆಟ್. ಡೇ ಆಫ್ಟರ್ ಟುಮಾರೋ ಕಂಪಲ್ಸರಿ."

"ಕ್ಯಾನ್ ಯು ರೆಡ್ಯೂಸ್ ದ ರೇಟ್?"

"ನೋ ಮೇಡಂ. ಡೀಸೆಲ್ ರೇಟ್ ಇನ್‌ಕ್ರೀಸ್."

ಕ್ಲಾಸು ಚಪ್ಪಾಳೆ ಹೊಡೆಯಿತು. ವ್ಯಾಕರಣದ ಲೆಕ್ಕದಲ್ಲಿ ಅವಳ ಬಹುಪಾಲು ವಾಕ್ಯಗಳಲ್ಲಿ ಕ್ರಿಯಾಪದಗಳೇ ಇರಲಿಲ್ಲ. ವ್ಯವಹಾರದ ಲೆಕ್ಕದಲ್ಲಿ ಏನೂ ಬಾಕಿ ಇರಲಿಲ್ಲ. ಆ ಐದಾರು ವಾಕ್ಯಗಳನ್ನೇ ಬೋರ್ಡಿನ ಮೇಲೆ ಬರೆದು, ಬಿಟ್ಟುಹೋದ ಶಬ್ದಗಳನ್ನು ಬಣ್ಣದ ಸೀಮೆಸುಣ್ಣದಲ್ಲಿ ಸೇರಿಸಿದೆ. ಇಡೀ ವಾರ ಅದೇ ಪಾಠ. ಅವಳು ಆಮೇಲೆ ಮುಂದಿನ ಬೆಂಚಿಗೆ ಬಂದಳು.

ನಮ್ಮ ಮಕ್ಕಳಿಗೆ ಎಲ್ಲಿ ಕಷ್ಟವಾಗುತ್ತದೆ ಎಂದು ಇಷ್ಟು ವರ್ಷ ನೋಡಿ ತಿಳಿದಿದ್ದೇನೆ. ಕನ್ನಡದಲ್ಲಿ, ತೆಲುಗಿನಲ್ಲಿ ಮಾತಿನ ಕೊನೆಗೆ ಒಂದು 'ಆ' ಎಳೆದರೆ ಪ್ರಶ್ನೆ ಆಗುತ್ತದೆ. ಬಂದನಾ, ಊಟ ಆಯ್ತಾ, ವಚ್ಚಾಡಾ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕಾದರೆ ವಾಕ್ಯದ ತಲೆಗೇ ಡೂ, ಡಸ್, ಡಿಡ್ ಹುಡುಕಬೇಕು. ಮಕ್ಕಳು ಅದಕ್ಕೆ "ಬಸ್ ಕೇಮಾ?" ಎನ್ನುತ್ತಾರೆ. ಇನ್ನೊಂದು ಕಷ್ಟ ಗೌರವದ್ದು. ದೊಡ್ಡವರನ್ನು ನೀವು ಎನ್ನುವ, ಮೀರು ಎನ್ನುವ ಮಕ್ಕಳಿಗೆ ಹೆಡ್‌ಮಾಸ್ಟರನ್ನೂ ಗೆಳೆಯನನ್ನೂ ಒಂದೇ 'ಯು'ನಲ್ಲಿ ಕರೆಯಲು ಬಾಯಿ ಬರುವುದಿಲ್ಲ. ಅವರು ಮಾತಿಗೊಂದು ಸರ್, ಮೇಡಂ ಸೇರಿಸುವುದು ಇದಕ್ಕೇ. ಅದನ್ನು ಹಳ್ಳಿಗಮಾರತನ ಎನ್ನುವವರಿಗೆ ಮಕ್ಕಳ ಮನಸ್ಸು ಗೊತ್ತಿಲ್ಲ. ಕುಡ್ ಯು, ವುಡ್ ಯು, ಎಕ್ಸ್‌ಕ್ಯೂಸ್ ಮಿ, ಸಾರಿ ಟು ಟ್ರಬಲ್ ಯು, ಇವುಗಳಲ್ಲಿ ಆ ಗೌರವ ಇದೆ ಎಂದು ತೋರಿಸಿಕೊಟ್ಟರೆ ಬೇಗ ಹಿಡಿದುಕೊಳ್ಳುತ್ತಾರೆ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯರಲ್ಲಿ ಬಹಳ ಮಂದಿ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಹೋಗುತ್ತಾರೆ. ನರಸಾಪುರದಲ್ಲಿ 2013ರಿಂದ ಹೋಂಡಾ ಸ್ಕೂಟರ್ ತಯಾರಾಗುತ್ತಿದೆ, ಆಮೇಲೆ ಐಫೋನ್ ಜೋಡಿಸುವ ಕಾರ್ಖಾನೆಯೂ ಬಂತು. ಬೆಳಗಿನ ಜಾವಕ್ಕೇ ಹಳ್ಳಿಯ ಗೇಟಿನಲ್ಲಿ ಕಂಪನಿ ಬಸ್ಸಿಗೆ ಕಾಯುವ ಹುಡುಗಿಯರು ಸಿಗುತ್ತಾರೆ, ಕತ್ತಿನಲ್ಲಿ ಐಡಿ ಕಾರ್ಡು, ಕೈಯಲ್ಲಿ ಟಿಫಿನ್ ಬಾಕ್ಸು. ಶಿಫ್ಟ್, ಲೈನ್, ಟಾರ್ಗೆಟ್, ಓಟಿ, ಪಿಎಫ್, ವೀಕ್ ಆಫ್ ಎಲ್ಲ ಅವರ ದಿನದ ಮಾತು. ಒಂದು ಭಾನುವಾರ ಅವರಲ್ಲಿ ಒಬ್ಬಳು ಸಂಬಳದ ಸ್ಲಿಪ್ ಹಿಡಿದುಕೊಂಡು ಮನೆಗೆ ಬಂದಳು. "ಮಿಸ್, ಇದ್ರಲ್ಲಿ ದುಡ್ಡು ಕಟ್ ಆಗೈತೆ. ಎಚ್ಚಾರ್ ಮೇಡಂಗೆ ಕನ್ನಡ ಬರಲ್ಲ. ಯಾಕೆ ಕಟ್ ಮಾಡಿದ್ರಿ ಅಂತ ಇಂಗ್ಲಿಷಲ್ಲಿ ಹೆಂಗ್ ಕೇಳ್ಬೇಕು? ಜಗಳ ಥರ ಇರಬಾರ್ದು, ಬೇಡ್ಕೊಂಡಂಗೂ ಇರಬಾರ್ದು." ಇಬ್ಬರೂ ಕೂತು ವಾಕ್ಯ ಮಾಡಿದೆವು: ಮೇಡಂ, ಐ ಹ್ಯಾವ್ ಎ ಡೌಟ್ ಅಬೌಟ್ ಮೈ ಸ್ಯಾಲರಿ. ದಿಸ್ ಅಮೌಂಟ್ ಈಸ್ ಡಿಡಕ್ಟೆಡ್. ಕುಡ್ ಯು ಪ್ಲೀಸ್ ಎಕ್ಸ್‌ಪ್ಲೇನ್ ದ ರೀಸನ್? ಅವಳು ಅಂಗಳದಲ್ಲಿ ತಿರುಗಾಡುತ್ತ ಹೇಳಿ ಹೇಳಿ ಗಟ್ಟಿ ಮಾಡಿಕೊಂಡಳು. ಎಚ್ಚಾರ್ ಮೇಡಂ ಏನಾದರೂ ತಿರುಗಿ ಕೇಳಿದರೆ ಏನನ್ನಬೇಕೆಂಬುದನ್ನೂ ಕಲಿತಳು. ಮುಂದಿನ ತಿಂಗಳು ಆ ದುಡ್ಡು ಸೇರಿ ಬಂತು ಎಂದು ಫೋನ್ ಮಾಡಿದಳು. ಇಂಗ್ಲಿಷ್ ಯಾತಕ್ಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಈ ಹುಡುಗಿ. ಇಲ್ಲಿನ ನೆಲದಲ್ಲಿ ಕಾರ್ಖಾನೆ ನಡೆಸುವವರು ಇಲ್ಲಿನ ಭಾಷೆಯಲ್ಲಿ ಲೆಕ್ಕ ಹೇಳಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಅದು ಆಗುವ ತನಕ ಅವಳು ಸುಮ್ಮನಿರಬೇಕಾಗಿಲ್ಲ.

ಭಾಷೆಯ ಜಗಳವನ್ನು ಎಂಬತ್ತರ ದಶಕದಿಂದ ನೋಡುತ್ತ ಬಂದಿದ್ದೇನೆ. 1982ರಲ್ಲಿ ಕನ್ನಡಕ್ಕಾಗಿ ಗೋಕಾಕ್ ಚಳವಳಿ ನಡೆದಾಗ ನಾನು ಶಾಲೆಯ ಹುಡುಗಿ. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆಯ ಮಾಧ್ಯಮ ಇರಬೇಕೆಂದು 1994ರಲ್ಲಿ ಸರ್ಕಾರ ಆದೇಶ ಮಾಡಿತು. ಪೋಷಕರ ಮೇಲೆ ಅದನ್ನು ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ತೀರ್ಪು ಕೊಟ್ಟಿತು. 2007ರಿಂದ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೇ ಇಂಗ್ಲಿಷ್ ಬಂತು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ತರಗತಿಗಳು ಶುರುವಾದವು. ನಮ್ಮ ಜಿಲ್ಲೆಯ ದಲಿತ ಕೇರಿಗಳ ತಾಯಂದಿರು ಇಂಗ್ಲಿಷ್ ಬೇಕೇ ಬೇಕು ಎನ್ನುತ್ತಾರೆ. ಅವರ ಮಾತು ನ್ಯಾಯವಾದದ್ದು. ತಮ್ಮ ಮಕ್ಕಳನ್ನು ಕಾನ್ವೆಂಟಿಗೆ ಹಾಕಿ ಇವರ ಮಕ್ಕಳಿಗೆ ಮಾತ್ರ ತಾಯ್ನುಡಿಯ ಮಹತ್ವ ಹೇಳುವವರ ಮುಖ ಅವರು ಓದಬಲ್ಲರು.

ಆದರೆ ಮಾಧ್ಯಮ ಬದಲಾದ ಮಾತ್ರಕ್ಕೆ ಮಾತು ಬಂದುಬಿಡುತ್ತದೆ ಎಂದು ನಾನು ನಂಬುವುದಿಲ್ಲ. ಕಾನ್ವೆಂಟಿನ ಹಳದಿ ವ್ಯಾನಿನಲ್ಲಿ ಹೋಗುವ ಎಳೆ ಮಕ್ಕಳು ರೈಮ್ಸ್ ಸೊಗಸಾಗಿ ಹೇಳುತ್ತಾರೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಆಯಮ್ಮನಿಗೆ ತಿಳಿಸಬೇಕಾದಾಗ ಇಂಗ್ಲಿಷೂ ಬರುವುದಿಲ್ಲ, ಕನ್ನಡದಲ್ಲಿ ಹೇಳಿದರೆ ದಂಡ ಹಾಕುವ ಶಾಲೆಗಳಿವೆ. ಮಗುವಿನ ಬಾಯಿ ಮುಚ್ಚಿಸಿ ಯಾವ ಭಾಷೆಯನ್ನೂ ಕಲಿಸಲಾಗದು. ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ ಚಿನ್ನದ ಪದಕ ಪಡೆದವರು. ಅವರು ಶೇಕ್ಸ್‌ಪಿಯರನ ನಾಟಕಗಳನ್ನು ಕನ್ನಡಕ್ಕೆ ತಂದರು, 1983ರ ಜ್ಞಾನಪೀಠ ಅವರಿಗೆ ಬಂದದ್ದು ಕನ್ನಡದ ಬರಹಕ್ಕೆ. ಒಂದು ಭಾಷೆ ಒಳಗೆ ಬರಬೇಕಾದರೆ ಇನ್ನೊಂದು ಹೊರಗೆ ಹೋಗಬೇಕು ಎಂಬುದು ನಮ್ಮ ಗಡಿಸೀಮೆಯಲ್ಲಿ ಯಾವತ್ತೂ ನಿಜವಾಗಿರಲಿಲ್ಲ. ತೆಲುಗು ಬಂದವರಿಗೆ ಕನ್ನಡ ಬಂತು, ಕನ್ನಡ ಬಂದವರಿಗೆ ತಮಿಳು ಬಂತು. ಇಂಗ್ಲಿಷಿಗೂ ಅದೇ ಜಾಗ ಕೊಟ್ಟರೆ ಸಾಕು.

ಕೋಲಾರ ಜಿಲ್ಲೆಯಿಂದ ಹೋಗಿ ಬೆಂಗಳೂರಿನ ಆಫೀಸುಗಳಲ್ಲಿ ದಿನವಿಡೀ ಇಂಗ್ಲಿಷ್ ಆಡುವ ನಮ್ಮ ಮಕ್ಕಳು ಈಗ ಸಾವಿರಾರು ಮಂದಿ ಇದ್ದಾರೆ. ಶನಿವಾರ ಬೆಳಗ್ಗೆ ಸರ್ಕಾರಿ ಶಾಲೆ ಇರುತ್ತದೆ, ಅವರು ಊರಿಗೆ ಬರುವುದೂ ಶನಿವಾರವೇ. ಅವರಲ್ಲಿ ನನ್ನದೊಂದು ಬೇಡಿಕೆ. ನಿಮ್ಮೂರ ಶಾಲೆಯ ಹೆಡ್‌ಮಾಸ್ಟರನ್ನು ಕೇಳಿ ಒಂದು ಗಂಟೆ ಒಳಗೆ ಹೋಗಿ. ಪಾಠ ಮಾಡಬೇಡಿ, ಸೀಮೆಸುಣ್ಣ ಹಿಡಿಯಬೇಡಿ. ನಿಮ್ಮ ಮನೆಯಲ್ಲಿ ಎಷ್ಟು ಹಸು ಇವೆ, ಡೈರಿಗೆ ಎಷ್ಟು ಲೀಟರ್ ಹಾಕುತ್ತೀರಿ, ಟೊಮ್ಯಾಟೊ ಬಾಕ್ಸಿಗೆ ನಿನ್ನೆ ಎಷ್ಟು ರೇಟು ಸಿಕ್ಕಿತು ಎಂದು ಮಕ್ಕಳನ್ನು ಇಂಗ್ಲಿಷಿನಲ್ಲಿ ಕೇಳಿ. ಉತ್ತರ ಬರುವ ತನಕ ಕಾಯಿರಿ. ಅರ್ಧ ತೆಲುಗಿನಲ್ಲಿ, ಅರ್ಧ ಕನ್ನಡದಲ್ಲಿ ಬಂದರೂ ನಗದೆ ಕೇಳಿಸಿಕೊಂಡು, ಮುಂದಿನ ಪ್ರಶ್ನೆ ಕೇಳಿ.